ಗೋಣಿಕೊಪ್ಪಲಿನ ಹಂಚಿಕೆ ಕಚೇರಿ: ಕರೆಂಟು ಗಟ್ಟಿ, ತಗಡು ಗದ್ದಲ

ದಕ್ಷಿಣ ಕೊಡಗಿನ ವ್ಯಾಪಾರವೆಲ್ಲ ಬಂದು ಸೇರುವ ಗೋಣಿಕೊಪ್ಪಲಿನಲ್ಲಿ, ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಗೊಬ್ಬರದ ಅಂಗಡಿಯೊಂದರ ಮೇಲಿನ ಎರಡು ಮಹಡಿಗಳಲ್ಲಿ ಹಂಚಿಕೆ ಕಚೇರಿಯೊಂದು ನಡೆಯುತ್ತಿದೆ. ಫಲಕದ ಮೇಲೆ ಕೋವರ್ಕಿಂಗ್ ಎಂದು ಬರೆದಿದ್ದರೂ ಬಂದುಹೋಗುವವರು ‘ಮೇಲಿನ ಆಫೀಸು’ ಎನ್ನುವುದೇ ಹೆಚ್ಚು. ದಿನದ ಲೆಕ್ಕದಲ್ಲಾಗಲಿ ತಿಂಗಳ ಲೆಕ್ಕದಲ್ಲಾಗಲಿ ಇಲ್ಲಿ ಮೇಜು ಬಾಡಿಗೆಗೆ ಸಿಗುತ್ತದೆ. ಮಳಿಗೆ ಹಿಡಿಯುವಾಗ ಒಟ್ಟಿಗೇ ಕಟ್ಟಬೇಕಾದ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು, ಕುರ್ಚಿ ಮೇಜುಗಳ ಖರ್ಚು, ಇವು ಯಾವುವೂ ಇಲ್ಲ. ತೋಟದ ಕಾಫಿಯನ್ನು ಹುರಿಸಿ, ಪುಡಿ ಮಾಡಿಸಿ, ಕರಿಮೆಣಸಿನ ಜೊತೆಗೆ ನೇರವಾಗಿ ಗ್ರಾಹಕರಿಗೆ ಕಳುಹಿಸುವ ಸಣ್ಣ ವ್ಯವಹಾರವೊಂದನ್ನು ಹುದಿಕೇರಿ ಕಡೆಯ ಮನೆಯಿಂದ ನಡೆಸುತ್ತಿರುವ ನಾನು, ಒಂದು ಮಳೆಗಾಲವನ್ನೂ ಒಂದು ಕೊಯ್ಲನ್ನೂ ಇಲ್ಲಿಗೆ ಬಂದುಹೋಗುತ್ತ ಕಳೆದ ನಂತರ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಮಾತ್ರ ನೋಡಿ ಕೊಡಗಿನ ಯಾವ ಕಟ್ಟಡದ ಬಗ್ಗೆಯೂ ತೀರ್ಪು ಕೊಡುವಂತಿಲ್ಲ.

ಇಂಥ ಜಾಗಕ್ಕೆ ಇಲ್ಲಿ ಬೇಡಿಕೆ ಇದೆಯೇ ಎಂದು ಮೈಸೂರಿನ ಸ್ನೇಹಿತರು ಅನುಮಾನದಿಂದಲೇ ಕೇಳುತ್ತಾರೆ. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ 5,54,519. ಅದರಲ್ಲಿ ಪಟ್ಟಣಗಳಲ್ಲಿ ವಾಸಿಸುವವರು ಶೇ 15ಕ್ಕಿಂತಲೂ ಕಡಿಮೆ. ಜಿಲ್ಲೆಯೊಳಗೆ ರೈಲಿಲ್ಲ, ಸರ್ಕಾರ ಬೆಂಗಳೂರಿನ ಹೊರಗೆ ಬೆಳೆಸಲು ಹೊರಟಿರುವ ತಂತ್ರಜ್ಞಾನ ಉದ್ಯಮದ ಕೇಂದ್ರಗಳ ಪೈಕಿ ಒಂದು ಮೈಸೂರಿನಲ್ಲಿದ್ದರೆ ಇನ್ನೊಂದು ಮಂಗಳೂರಿನಲ್ಲಿದೆ, ಕೊಡಗು ಅವೆರಡರ ನಡುವಿನ ದಾರಿಯಷ್ಟೇ. ಹೀಗಿದ್ದರೂ ಈ ಮಹಡಿಗಳಲ್ಲಿ ಕೂರುವವರನ್ನು ನೋಡಿದರೆ ಬೇಡಿಕೆ ಎಲ್ಲಿಂದ ಹುಟ್ಟಿದೆ ಎಂಬುದು ತಿಳಿಯುತ್ತದೆ. 2020ರ ಲಾಕ್‌ಡೌನ್ ಸಮಯದಲ್ಲಿ ಊರಿಗೆ ಬಂದು, ಆಮೇಲೆ ತಂದೆತಾಯಿಯ ವಯಸ್ಸನ್ನೋ ತೋಟದ ಕೆಲಸವನ್ನೋ ನೋಡಿ ಇಲ್ಲೇ ನಿಂತುಬಿಟ್ಟ ಸಾಫ್ಟ್‌ವೇರ್ ನೌಕರರು ಇದ್ದಾರೆ. ನಾಲ್ಕಾರು ಹೋಂಸ್ಟೇಗಳ ಬುಕಿಂಗ್ ಮತ್ತು ಲೆಕ್ಕಪತ್ರವನ್ನು ಒಬ್ಬರೇ ನೋಡಿಕೊಳ್ಳುವ ಹೆಣ್ಣುಮಗಳಿದ್ದಾರೆ. ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಓದಿ ಮುಗಿಸಿ, ತೋಟಗಳ ಕೂಲಿ ಹಾಜರಾತಿಯನ್ನು ಫೋನಿನಲ್ಲೇ ಬರೆದಿಡುವ ಆ್ಯಪ್ ಮಾಡಲು ಹೊರಟ ಹುಡುಗರಿದ್ದಾರೆ. ಜೇನು, ಏಲಕ್ಕಿ, ಮನೆಯಲ್ಲಿ ಮಾಡಿದ ಚಾಕೊಲೇಟ್ ಮಾರುವವರು ಬಂದುಹೋಗುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ದಿನವೂ ಕಚೇರಿ ಬೇಕಾಗಿಲ್ಲ. ಬೇಕಾದ ದಿನ ಮಾತ್ರ ಖಂಡಿತವಾಗಿ ಬೇಕು. ಈ ಜಾಗ ಗೆದ್ದಿರುವುದೂ ಸೋತಿರುವುದೂ ಈ ಒಂದು ಅಗತ್ಯವನ್ನು ಅರ್ಥಮಾಡಿಕೊಂಡ ಮಟ್ಟಿಗೆ.

ಮೊದಲು ಗೆದ್ದಿರುವ ವಿಷಯ. ಜೂನ್ ಎರಡನೆಯ ವಾರದಿಂದ ಆಗಸ್ಟ್ ಮುಗಿಯುವವರೆಗೆ ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಗಾಳಿಗೆ ತೋಟದ ಸಿಲ್ವರ್ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ, ಚಾಮುಂಡೇಶ್ವರಿ ವಿದ್ಯುತ್ ನಿಗಮದ ಲೈನ್‌ಮನ್ ಮಳೆಯಲ್ಲೇ ತೋಟದೊಳಗೆ ಇಳಿದು, ಯಾವ ಕಂಬಗಳ ನಡುವೆ ತೊಂದರೆಯಾಗಿದೆ ಎಂದು ಹುಡುಕಿ ಸರಿಮಾಡಬೇಕು. ಒಳ ಊರುಗಳಿಗೆ ಅದಕ್ಕೆ ಎರಡು ದಿನ ಹಿಡಿದರೂ ಯಾರೂ ಅವರನ್ನು ಬೈಯುವುದಿಲ್ಲ. ಕರೆಂಟು ಹೋಗಿ ಕೆಲವು ಗಂಟೆ ಕಳೆದರೆ ಮೊಬೈಲ್ ಟವರಿನ ಬ್ಯಾಟರಿಯೂ ಖಾಲಿಯಾಗಿ ಸಿಗ್ನಲ್ ಹೋಗುತ್ತದೆ. ಮನೆಯಲ್ಲಿ ಇನ್‌ವರ್ಟರ್ ಇದ್ದವರಿಗೂ ಆಗ ದೀಪ ಉರಿಯುತ್ತದೆಯೇ ಹೊರತು ಕೆಲಸ ನಡೆಯುವುದಿಲ್ಲ.

ಈ ಕಚೇರಿಯವರು ಹಣ ಸುರಿದಿರುವುದು ಸರಿಯಾಗಿ ಇಲ್ಲಿಯೇ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಎರಡು ಸಾಲು ಬ್ಯಾಟರಿಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ ಇಟ್ಟಿದ್ದಾರೆ. ಪ್ರತಿ ಬ್ಯಾಟರಿಯ ಮೇಲೂ ನೀರು ತುಂಬಿದ ದಿನಾಂಕವನ್ನು ಮಾರ್ಕರಿನಲ್ಲಿ ಬರೆದ ಚೀಟಿ ಅಂಟಿಸಿದೆ, ಆ ಚೀಟಿಗಳು ಹಳೆಯದಾಗಿರುವುದನ್ನು ನಾನು ನೋಡಿಲ್ಲ. ಹಿಂಬದಿಯಲ್ಲಿ ಡೀಸೆಲ್ ಜನರೇಟರ್ ಇದೆ. ಕರೆಂಟು ಹೋದ ಕ್ಷಣದಲ್ಲಿ ಫ್ಯಾನು ತುಸು ನಿಧಾನವಾಗುತ್ತದೆ, ಕಂಪ್ಯೂಟರ್ ಮತ್ತು ರೂಟರ್ ಮಾತ್ರ ಅಲುಗಾಡುವುದಿಲ್ಲ, ಯಾರೂ ತಲೆ ಎತ್ತಿ ನೋಡುವುದಿಲ್ಲ. ಫೈಬರ್ ಸಂಪರ್ಕವೂ ಎರಡು ಬೇರೆ ಬೇರೆ ಕಂಪನಿಗಳದ್ದು, ಒಂದು ಮುಖ್ಯರಸ್ತೆಯ ಕಡೆಯಿಂದ ಬಂದರೆ ಇನ್ನೊಂದು ಹಿಂದಿನ ಓಣಿಯಿಂದ ಬರುತ್ತದೆ. ಎರಡು ಸಂಪರ್ಕ ಇಟ್ಟುಕೊಂಡೆವೆಂದು ಜಾಹೀರಾತು ಹಾಕುವ ಎಷ್ಟೋ ಕಡೆ ಎರಡೂ ಒಂದೇ ಕಂಬದ ಮೇಲೆ ಬಂದಿರುತ್ತವೆ, ಒಂದೇ ಮರ ಬಿದ್ದು ಎರಡೂ ತುಂಡಾಗುತ್ತವೆ. ಇಲ್ಲಿ ಹಾಗಾಗದಂತೆ ಯಾರೋ ಕೂತು ಯೋಚಿಸಿದ್ದಾರೆ. ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳಲ್ಲಿ, ನಮ್ಮ ಊರು ಕತ್ತಲಲ್ಲಿ ಕೂತಿದ್ದಾಗ ನಾನು ಬಿಲ್ಲುಗಳನ್ನೂ ಪಾರ್ಸೆಲ್ ಚೀಟಿಗಳನ್ನೂ ಎಂದಿನಂತೆ ಮುಗಿಸಿದ್ದು ಇಲ್ಲಿಯೇ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿಗೆ ಹೂವು ಬರಿಸಲು ಎಲ್ಲ ಕಡೆ ಸ್ಪ್ರಿಂಕ್ಲರ್ ಮೋಟಾರುಗಳು ಓಡತೊಡಗಿ ವೋಲ್ಟೇಜ್ ಕುಸಿಯುವಾಗಲೂ ಇದೇ ವ್ಯವಸ್ಥೆ ಕೈಹಿಡಿಯುತ್ತದೆ.

ಇನ್ನು ಸೋತಿರುವ ವಿಷಯ, ಮತ್ತು ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕಟ್ಟಡದ ತಾರಸಿ ಸೋರುತ್ತದೆಂದು ಅದರ ಮೇಲೆ ತಗಡಿನ ಶೀಟು ಹೊದಿಸಿದ್ದಾರೆ. ಕೊಡಗಿನಲ್ಲಿ ಇದು ಎಲ್ಲರೂ ಮಾಡುವ ಕೆಲಸ. ಆದರೆ ಮೇಜುಗಳು ಕಡಿಮೆ ಬಿದ್ದಾಗ ತಾರಸಿಯ ಅರ್ಧಭಾಗಕ್ಕೆ ಗೋಡೆ ಕಟ್ಟಿ, ಅದೇ ಶೀಟಿನ ಕೆಳಗೆ ಇನ್ನೊಂದಷ್ಟು ಮೇಜು ಹಾಕಿ, ಅದನ್ನು ಎರಡನೆಯ ಮಹಡಿ ಎಂದು ಕರೆದಿದ್ದಾರೆ. ಮಳೆ ಜೋರಾದರೆ ಅಲ್ಲಿ ಎದುರು ಕೂತವರ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಚೆನ್ನೈನ ಗ್ರಾಹಕರೊಬ್ಬರು ಫೋನಿನಲ್ಲಿ ‘ಫ್ಯಾಕ್ಟರಿಯಲ್ಲಿದ್ದೀರಾ, ಆಮೇಲೆ ಮಾಡಲೇ’ ಎಂದು ಕೇಳಿದರು. ಶೀಟಿನ ಅಡಿಗೆ ಒಂದು ಪದರ ಗ್ಲಾಸ್‌ವೂಲ್ ಹಾಸಿ ಅದರ ಕೆಳಗೆ ಜಿಪ್ಸಂ ಹಲಗೆ ಹಾಕಿಸಿದ್ದರೂ ಸದ್ದು ಎಷ್ಟೋ ಇಳಿಯುತ್ತಿತ್ತು. ಅದಕ್ಕೆ ಬದಲಾಗಿ, ಫೋನಿನಲ್ಲಿ ಮಾತನಾಡುವವರಿಗಾಗಿ ಪ್ಲೈವುಡ್ಡಿನ ಎರಡು ಗೂಡುಗಳನ್ನು ಮಾಡಿಸಿದ್ದಾರೆ. ಅವಕ್ಕೆ ಗಾಳಿಯಾಡಲು ಕಿಂಡಿ ಇಲ್ಲ. ಜುಲೈ ತಿಂಗಳಲ್ಲಿ ಒಳಗಿನ ಗೋಡೆಯ ಮೇಲೆ ಬಿಳಿ ಬೂಷ್ಟು ಬೆಳೆದಿತ್ತು, ಐದು ನಿಮಿಷ ಮಾತನಾಡಿ ಹೊರಬಂದರೆ ಬಟ್ಟೆಗೂ ಅದೇ ಮುಗ್ಗಲು ವಾಸನೆ. ಈ ಬಗ್ಗೆ ನಡೆಸುವವರಿಗೆ ಹೇಳಿದಾಗ ‘ಮಳೆಗಾಲ ಅಲ್ವಾ ಅಕ್ಕಾ, ಬಿಸಿಲು ಬಂದ ಮೇಲೆ ಸರಿಹೋಗ್ತದೆ’ ಎಂದರು. ಬಿಸಿಲು ಬಂದ ಮೇಲೆ ಸರಿಹೋಯಿತು, ಅದು ನಿಜ. ಆದರೆ ಜನ ಹಣ ಕೊಟ್ಟು ಇಲ್ಲಿಗೆ ಬರುವುದೇ ಮಳೆಗಾಲಕ್ಕಾಗಿ. ಆದ್ದರಿಂದ ಕೇಳಿ ಮೊದಲ ಮಹಡಿಯಲ್ಲೇ ಮೇಜು ತೆಗೆದುಕೊಳ್ಳಿ. ಅಲ್ಲಿ ಮೇಲೆ ಗಟ್ಟಿ ಕಾಂಕ್ರೀಟ್ ಇದೆ, ಕಿಟಕಿ ದಕ್ಷಿಣಕ್ಕಿದೆ, ಸದ್ದು ಎಂದರೆ ಕೆಳಗೆ ಗೊಬ್ಬರದ ಮೂಟೆ ಇಳಿಸುವಾಗಿನ ಕೂಗಾಟ ಮಾತ್ರ.

ಮೇಜು ಕುರ್ಚಿಗಿಂತ ಮುಖ್ಯವಾದ ಇನ್ನೊಂದು ಸೇವೆ ಇಲ್ಲಿದೆ, ಅದೆಂದರೆ ವಿಳಾಸ. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ ಎಂದು ಅನೇಕರು ನೆಮ್ಮದಿಯಿಂದ ಇರುತ್ತಾರೆ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಆ ಮಿತಿ ಅನ್ವಯಿಸುವುದಿಲ್ಲ. ಕಾಲು ಕಿಲೋ ಕಾಫಿಪುಡಿ ಕೇರಳಕ್ಕೆ ಹೋದರೂ ನೋಂದಣಿ ಇರಬೇಕು. ಕುಟ್ಟ ದಾಟಿದರೆ ವಯನಾಡು, ಮಾಕುಟ್ಟ ದಾಟಿದರೆ ಕಣ್ಣೂರು. ಗಡಿ ಇಷ್ಟು ಹತ್ತಿರ ಇರುವ ನಮಗೆ ಇದು ಮೊದಲ ಗ್ರಾಹಕನಿಂದಲೇ ಎದುರಾಗುವ ಪ್ರಶ್ನೆ. ನೋಂದಣಿಗೆ ವ್ಯವಹಾರದ ಸ್ಥಳದ ದಾಖಲೆ ಬೇಕು: ಸ್ವಂತದ್ದಾದರೆ ತೆರಿಗೆ ರಸೀದಿ ಅಥವಾ ವಿದ್ಯುತ್ ಬಿಲ್ಲು, ಬಾಡಿಗೆಯದ್ದಾದರೆ ಕರಾರು ಪತ್ರ, ಬೇರೆಯವರದ್ದಾದರೆ ಅವರ ಒಪ್ಪಿಗೆ ಪತ್ರ. ಪಟ್ಟಣದಲ್ಲಿ ಇದು ಅರ್ಧ ದಿನದ ಕೆಲಸ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಹಿಡುವಳಿಯಲ್ಲಿ, ಐನ್‌ಮನೆಯ (ಕುಲದ ಮೂಲಮನೆಯ) ಬದಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಹಾಗಲ್ಲ. ಪಹಣಿಯಲ್ಲಿ ಒಕ್ಕದ (ಕುಲದ) ಹಿರಿಯರ, ಎಷ್ಟೋ ಕಡೆ ತೀರಿಹೋದವರ ಹೆಸರುಗಳಿರುತ್ತವೆ, ಮೀಟರ್ ದೊಡ್ಡಪ್ಪನ ಹೆಸರಿನಲ್ಲಿರುತ್ತದೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ನಾಲ್ಕು ಊರಿನಲ್ಲಿ ಹಂಚಿಹೋಗಿರುತ್ತಾರೆ. ಹೊಸ ವ್ಯವಹಾರ ಆರಂಭಿಸುವ ಹುಡುಗನೋ ಹುಡುಗಿಯೋ ಇದನ್ನು ಬಗೆಹರಿಸಿಕೊಂಡೇ ಮುಂದೆ ಹೋಗಬೇಕೆಂದರೆ ಆ ವ್ಯವಹಾರ ಆರಂಭವಾಗುವುದೇ ಇಲ್ಲ.

ಈ ಕಚೇರಿಯವರು ತಿಂಗಳ ಲೆಕ್ಕದಲ್ಲಿ ಮೇಜು ಹಿಡಿದವರಿಗೆ ಬಾಡಿಗೆ ಕರಾರು, ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಮತ್ತು ಇತ್ತೀಚಿನ ವಿದ್ಯುತ್ ಬಿಲ್ಲಿನ ಪ್ರತಿಯನ್ನು ಒಟ್ಟಿಗೆ ಕೊಡುತ್ತಾರೆ. ಬಾಗಿಲಲ್ಲಿ ನಮ್ಮ ವ್ಯವಹಾರದ ಹೆಸರನ್ನು ಬರೆಯುವುದಕ್ಕೂ ಜಾಗ ಬಿಟ್ಟಿದ್ದಾರೆ. ಅಧಿಕಾರಿ ಪರಿಶೀಲನೆಗೆ ಬಂದರೆ ಹೆಸರಿನ ಫಲಕ ಕಾಣಬೇಕಾದ್ದರಿಂದ ಇದು ಅಲಂಕಾರಕ್ಕಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಿಂಡಿ, ಜೇನು, ಕಾಫಿಪುಡಿ ಮಾಡುವವರು ಈ ವಿಳಾಸವನ್ನೇ ಆಹಾರ ಸುರಕ್ಷತೆಯ ನೋಂದಣಿಗೂ ಬಳಸಬಹುದೆಂದು ತಿಳಿಯಬಾರದು. ಆ ನೋಂದಣಿ ಪದಾರ್ಥವನ್ನು ತಯಾರಿಸುವ, ಪ್ಯಾಕ್ ಮಾಡುವ, ಸಂಗ್ರಹಿಸಿಡುವ ಸ್ಥಳಕ್ಕೆ ಸಂಬಂಧಿಸಿದ್ದು; ಮೇಜಿನ ಮುಂದೆ ಕೂತು ಬಿಲ್ಲು ಬರೆಯುವ ಸ್ಥಳಕ್ಕೆ ಅಲ್ಲ. ಅಲ್ಲದೆ ಸರಕನ್ನು ಇಲ್ಲಿ ತಂದಿಡುವುದೂ ಜಾಣತನವಲ್ಲ: ಬೀಗವಿರುವ ಕಪಾಟುಗಳನ್ನು ಕೊಡುತ್ತಾರಾದರೂ ಅವು ಹೊರಗೋಡೆಗೆ ತಾಗಿಕೊಂಡಿವೆ, ಹುರಿದ ಕಾಫಿ ಅಲ್ಲಿ ಒಂದೇ ವಾರದಲ್ಲಿ ಶೀತ ಹೀರಿಕೊಳ್ಳುತ್ತದೆ.

ದರದ ವಿಷಯಕ್ಕೆ ಬಂದರೆ, ದಿನಕ್ಕೆ 250 ರೂಪಾಯಿ, ತಿಂಗಳಿಗೆ 3,500 ರೂಪಾಯಿ, ಹತ್ತು ದಿನದ ಚೀಟಿಯ ಪುಸ್ತಕಕ್ಕೆ 2,000 ರೂಪಾಯಿ. ಎಂಟು ಜನ ಕೂರುವ ಸಭೆಯ ಕೋಣೆಗೆ ಗಂಟೆಗೆ 200. ನಡೆಸುವವರು ಜಿಎಸ್‌ಟಿಯಲ್ಲಿ ನೋಂದಾಯಿಸಿಕೊಂಡಿಲ್ಲ, ಆದ್ದರಿಂದ ಅವರ ಬಿಲ್ಲಿನಲ್ಲಿ ತೆರಿಗೆ ಸೇರಿಸುವುದಿಲ್ಲ. ನೋಂದಣಿ ಇಲ್ಲದ ಹೋಂಸ್ಟೇಯವರಿಗೆ ಇದು ಅನುಕೂಲ, ತೆರಿಗೆ ಹಿಂದೆ ಪಡೆಯಬಲ್ಲ ನಮ್ಮಂಥವರಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಸಣ್ಣ ಪಟ್ಟಣಕ್ಕೆ ದರ ಕಡಿಮೆಯೆಂದು ಹೇಳಲಾರೆ. ಆದರೆ ಎರಡು ಫೈಬರ್, ಬ್ಯಾಟರಿ, ಡೀಸೆಲ್ ಇವುಗಳ ಖರ್ಚನ್ನು ಒಬ್ಬರೇ ಹೊರುವುದನ್ನು ಯೋಚಿಸಿದರೆ ಅನ್ಯಾಯವೆಂದೂ ಹೇಳಲಾಗದು. ದಿನದ ದರಕ್ಕೆ ಹೋಲಿಸಿದರೆ ತಿಂಗಳಿಗೆ ಹದಿನಾಲ್ಕು ದಿನಕ್ಕಿಂತ ಹೆಚ್ಚು, ಚೀಟಿ ಪುಸ್ತಕಕ್ಕೆ ಹೋಲಿಸಿದರೆ ಹದಿನೇಳು ದಿನಕ್ಕಿಂತ ಹೆಚ್ಚು ಬರುವವರಿಗಷ್ಟೇ ತಿಂಗಳ ಲೆಕ್ಕ ಲಾಭ.

ನನ್ನ ಆಕ್ಷೇಪ ಇರುವುದು ಚೀಟಿ ಪುಸ್ತಕದ ಅವಧಿಯ ಬಗ್ಗೆ. ಅದನ್ನು ಮೂರು ತಿಂಗಳೊಳಗೆ ಬಳಸಿ ಮುಗಿಸಬೇಕು. ಬೆಂಗಳೂರಿನಲ್ಲಿ ಯಾರೋ ಮಾಡಿದ ನಿಯಮವನ್ನು ಹಾಗೆಯೇ ಎತ್ತಿ ಇಲ್ಲಿಟ್ಟಂತಿದೆ. ನಮ್ಮ ವರ್ಷ ಹಾಗೆ ಓಡುವುದಿಲ್ಲ. ನವೆಂಬರಿನಲ್ಲಿ ಪುಸ್ತಕ ಕೊಂಡರೆ ನಮ್ಮ ಭತ್ತದ ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ, ಅದರ ಬೆನ್ನಿಗೆ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ. ಆಳು ಸಿಕ್ಕ ದಿನ ತೋಟ ಬಿಟ್ಟು ಹೊರಗೆ ಬರುವಂತಿಲ್ಲ, ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ಮುಚ್ಚುವವರೆಗೆ ಮನೆಯಲ್ಲೇ ಇರಬೇಕು. ಕೊಯ್ಲು ಮುಗಿಯುವ ಹೊತ್ತಿಗೆ ಪುಸ್ತಕದ ಅವಧಿಯೂ ಮುಗಿದಿರುತ್ತದೆ. 2024-25ರಲ್ಲಿ ರೊಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲಂತೂ ಕೊಯ್ಲಿನ ಸಮಯದಲ್ಲಿ ಬೆಳೆಗಾರರ ಮನೆಯ ಯುವಕರು ಕಂಪ್ಯೂಟರಿನ ಮುಂದೆ ಕಾಣಸಿಗುವುದು ಅಪರೂಪ. ಅವಧಿಯನ್ನು ಒಂದು ವರ್ಷಕ್ಕೆ ವಿಸ್ತರಿಸಿದರೆ ನಡೆಸುವವರಿಗೆ ನಷ್ಟವೇನಿಲ್ಲ, ಹಣ ಮೊದಲೇ ಕೈಸೇರಿರುತ್ತದೆ. ಅದೇ ರೀತಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ ಒಂದೇ ಕಂತಿನ ‘ಮಳೆಗಾಲದ ಮೇಜು’ ಎಂದು ಇಟ್ಟರೆ ಕೊಳ್ಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಈ ಮಾತನ್ನು ಅಲ್ಲಿನ ಸಲಹೆ ಪುಸ್ತಕದಲ್ಲೂ ಬರೆದಿದ್ದೇನೆ.

ಸಮಯದ ವಿಷಯದಲ್ಲಿ ಅವರು ಊರನ್ನು ಚೆನ್ನಾಗಿ ಅರಿತಿದ್ದಾರೆ. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆರೆಯುತ್ತದೆ, ಸಂಜೆ ಆರಕ್ಕೆ ಮುಚ್ಚುತ್ತದೆ. ರಾತ್ರಿ ಎಂಟರವರೆಗೆ ತೆರೆದಿಡಿ ಎಂದು ವಿದೇಶಿ ಕಂಪನಿಗಳಿಗೆ ಕೆಲಸ ಮಾಡುವ ಕೆಲವರು ಕೇಳಿದ್ದಾರೆ, ಅವರಿಗಾಗಿ ಬೀಗದ ಕೈ ಕೊಡುವ ಏರ್ಪಾಡೂ ಇದೆ. ಆದರೆ ತಿತಿಮತಿ, ಮಾಲ್ದಾರೆ ಕಡೆಯಿಂದ ಸ್ಕೂಟರಿನಲ್ಲಿ ಬರುವವರು ಕತ್ತಲಾಗುವ ಮೊದಲು ಮನೆ ಸೇರಬೇಕು. ಆನೆ ರಸ್ತೆಗೆ ಬರುವ ಹೊತ್ತು ಅದು. ಒಳ ಊರುಗಳಿಗೆ ಹೋಗುವ ಕೊನೆಯ ಖಾಸಗಿ ಬಸ್ಸೂ ಕಾಯುವುದಿಲ್ಲ. ಹೆಣ್ಣುಮಕ್ಕಳು ಇಲ್ಲಿಗೆ ಧೈರ್ಯವಾಗಿ ಬರುತ್ತಿರುವುದಕ್ಕೆ ಈ ಸಮಯಪಾಲನೆಯೂ ಪ್ರತ್ಯೇಕ ಮತ್ತು ಶುಚಿಯಾದ ಶೌಚಾಲಯವೂ ಕಾರಣ. ಒದ್ದೆ ಕೊಡೆ, ರೇನ್‌ಕೋಟ್, ಗಂಬೂಟುಗಳಿಗೆ ಮೆಟ್ಟಿಲ ಬಳಿಯೇ ಒಂದು ಮೂಲೆ ಮಾಡಿ, ನೀರು ಹರಿದುಹೋಗಲು ನೆಲಕ್ಕೆ ಇಳಿಜಾರು ಕೊಟ್ಟಿರುವುದು ನನಗೆ ಬಹಳ ಹಿಡಿಸಿತು. ಕಾರು ನಿಲ್ಲಿಸಲು ಜಾಗವಿಲ್ಲ. ಸಂತೆಯ ದಿನ ಆ ರಸ್ತೆಗೆ ಕಾರು ತರುವುದೇ ಬೇಡ. ಕಾಫಿ ಯಂತ್ರವೊಂದಿದೆ, ಅದರಿಂದ ಬರುವುದು ಚಿಕೋರಿ ತುಂಬಿದ ಸಿಹಿ ನೀರು. ಸುತ್ತಲೂ ಕಾಫಿ ತೋಟ ಇರುವ ಊರಿನಲ್ಲಿ ಇದನ್ನು ಕುಡಿಸುವ ಧೈರ್ಯಕ್ಕೆ ಬೇರೆಯೇ ಅಂಕ ಕೊಡಬೇಕು! ಕೆಳಗೆ ರಸ್ತೆ ದಾಟಿದರೆ ಸಣ್ಣ ಹೋಟೆಲಿನಲ್ಲಿ ಬೆಲ್ಲ ಹಾಕಿದ ಕರಿಕಾಫಿ ಸಿಗುತ್ತದೆ.

ಬೇರೆ ಆಯ್ಕೆಗಳೇನು ಎಂದು ಕೇಳುವವರಿಗೆ ಹೇಳುವುದಾದರೆ, ಹೋಂಸ್ಟೇಗಳು ಮತ್ತು ರೆಸಾರ್ಟ್‌ಗಳು ‘ವರ್ಕೇಶನ್’ ಎಂದು ಕೊಡುವ ಕೋಣೆಗಳು ಹೊರಗಿನಿಂದ ಬರುವವರಿಗಾಗಿ ಇರುವಂಥವು. ಅಲ್ಲಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಇಲ್ಲಿ ತಿಂಗಳು ಕಳೆಯಬಹುದು, ಅದೂ ಅಲ್ಲದೆ ಅವು ವ್ಯವಹಾರದ ವಿಳಾಸ ಕೊಡುವುದಿಲ್ಲ. ಮೈಸೂರಿನಲ್ಲಿ ಇದಕ್ಕಿಂತ ಚೆಂದದ ಹಂಚಿಕೆ ಕಚೇರಿಗಳಿವೆ, ಆದರೆ ಆನೆಚೌಕೂರು ಕಾಡು ದಾಟಿ ಹೋಗಿಬರಲು ದಿನದ ಅರ್ಧ ಬೇಕು. ಕುಶಾಲನಗರದಲ್ಲಿ ರಸ್ತೆ ಸೌಕರ್ಯ ಚೆನ್ನಾಗಿದೆ, ಕೂಡ್ಲೂರಿನ ಕೈಗಾರಿಕಾ ಪ್ರದೇಶವೂ ಪಕ್ಕದಲ್ಲಿದೆ. ಆ ಕಡೆಯವರು ಅಲ್ಲಿ ಮಳಿಗೆ ಹಿಡಿಯುವುದೇ ಸರಿ, ಬಿರುನಾಣಿಯಿಂದಲೋ ಶ್ರೀಮಂಗಲದಿಂದಲೋ ಅಲ್ಲಿಗೆ ಹೋಗಿಬರುವುದು ಆಗದ ಮಾತು. ಗ್ರಾಮ ಪಂಚಾಯಿತಿಗಳವರೆಗೆ ಸರ್ಕಾರದ ಫೈಬರ್ ಎಳೆಯುವ ಯೋಜನೆ ಇದೆ. ಪಂಚಾಯಿತಿಯ ಗ್ರಂಥಾಲಯದಲ್ಲೋ ಖಾಲಿ ಬಿದ್ದ ಸಹಕಾರ ಸಂಘದ ಗೋದಾಮಿನಲ್ಲೋ ನಾಲ್ಕು ಮೇಜು ಮತ್ತು ಒಳ್ಳೆಯ ಬ್ಯಾಟರಿ ಇಟ್ಟರೆ ಗೋಣಿಕೊಪ್ಪಲಿಗೂ ಬರಬೇಕಾಗಿಲ್ಲ. ಬೇಡಿಕೆ ಒಂದೇ ಕಡೆ ದಟ್ಟವಾಗಿಲ್ಲ, ನಾಡು ನಾಡಿಗೂ ನಾಲ್ಕೈದು ಮಂದಿಯಂತೆ ಹರಡಿಕೊಂಡಿದೆ. ಐವತ್ತು ಮೇಜಿನ ಕಚೇರಿ ಕಟ್ಟಿದವರು ಇಲ್ಲಿ ಸಾಲ ತೀರಿಸಲಾರರು, ಹದಿನೈದಿಪ್ಪತ್ತು ಮೇಜಿನವರು ಉಳಿದುಕೊಳ್ಳುತ್ತಾರೆ.

ಒಬ್ಬರೋ ಇಬ್ಬರೋ ಸೇರಿ ಹೊಸದಾಗಿ ವ್ಯವಹಾರ ಆರಂಭಿಸುವವರು, ಮನೆಯಲ್ಲಿ ನೆಟ್‌ವರ್ಕ್ ನಂಬಲಾಗದವರು, ನೋಂದಣಿಗೆ ವಿಳಾಸ ಬೇಕಾದವರು ಇಲ್ಲಿಗೆ ನಿಶ್ಚಿಂತೆಯಿಂದ ಬರಬಹುದು. ದಿನವಿಡೀ ಫೋನಿನಲ್ಲಿ ಮಾತನಾಡುವ ಕೆಲಸದವರು ಮತ್ತು ನಾಲ್ಕಕ್ಕಿಂತ ಹೆಚ್ಚು ಜನರ ತಂಡ ಇರುವವರು ಬೇರೆ ಕೋಣೆಯನ್ನೇ ಬಾಡಿಗೆಗೆ ಹಿಡಿಯುವುದು ಒಳ್ಳೆಯದು. ಮೇಜು ಹಿಡಿಯುವ ಯೋಚನೆ ಇದ್ದರೆ ಮೇ ತಿಂಗಳಲ್ಲೇ ಹೋಗಿ, ಮೊದಲ ಮಹಡಿಯದ್ದೆಂದು ರಸೀದಿಯಲ್ಲಿ ಬರೆಸಿಕೊಂಡು ಮುಂಗಡ ಕೊಡಿ. ಮಳೆ ಹಿಡಿದ ಮೇಲೆ ಹೋದವರಿಗೆ ಉಳಿದಿರುವುದು ತಗಡಿನ ಕೆಳಗಿನ ಜಾಗ ಮಾತ್ರ.